ಅಜ್ಜಿಯೆಂಬ ಗೆಳತಿ

ಬಂಧುತ್ವವು ಹುಟ್ಟಿನೊಡನೆ ಬರತಕ್ಕದ್ದು. ಸ್ನೇಹವನ್ನಾದರೋ ಮನುಷ್ಯನು ತನ್ನ ನಡೆಯಿಂದ ಸಂಪಾದಿಸಿಕೊಳ್ಳಬೇಕು. ಎರಡೂ ಒಬ್ಬರಲ್ಲಿಯೇ ದೊರೆಯುವುದು ಅಪರೂಪ. ಅಂತಹ ಭಾಗ್ಯವು ನನಗೆ ನನ್ನ ತಾಯಿಯ ತಾಯಿಯಲ್ಲಿ ದೊರೆಯಿತು. ಆಕೆ ಲಿಂಗೈಕ್ಯಳಾಗಿ 40 ವರ್ಷಗಳು ಮೀರಿದುವು. ಆಕೆ ದೊಡ್ಡ ಹೆಸರನ್ನು ಗಳಿಸಿದವಳಲ್ಲ. ಯಾವ ಸಭೆಯಲ್ಲಿಯೂ ಮಾತನಾಡಿದವಳಲ್ಲ. ಆದರೂ ಆಕೆಯ ಬಾಳಿನ ಒಂದು ಸಂಗತಿಯನ್ನು ನಾಲ್ಕು ಜನರ ಮುಂದೆ ಇಡಬೇಕೆಂಬುದು ಬಹುಕಾಲದಿಂದ ನನ್ನ ಮನಸ್ಸಿನಲ್ಲಿತ್ತು. ಅದನ್ನು ಹೇಳುವಾಗ ನನ್ನದೊಂದು ತಪ್ಪನ್ನೂ ಹೇಳಬೇಕಾಗುತ್ತದೆ. ಇಷ್ಟು ದಿನ ತಡವಾದುದು ಅದರಿಂದಲೇ ಎಂದು ತೋರುತ್ತದೆ.

ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ಕಾಣದ ಓದುಗರು ವಿರಳ. ಉತ್ತರದ ತುದಿಗೆ ಮೈಸೂರು ಬ್ಯಾಂಕಿನ ವೃತ್ತ, ದಕ್ಷಿಣದ ತುದಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಇವೆರಡರ ನಡುವೆ ಇರುವ ಇಕ್ಕಟ್ಟಾದ ಬೀದಿಯೇ ಅದು. ಅದರ ಹಳೆಯ ಹೆಸರು ದೊಡ್ಡಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನಲ್ಲಿ ಉತ್ತರ ದಕ್ಷಿಣವಾಗಿ ಹಾದ ಬೀದಿ ದೊಡ್ಡಪೇಟೆ. ಪೂರ್ವ ಪಶ್ಚಿಮವಾಗಿ ಹಾದದ್ದು ಚಿಕ್ಕಪೇಟೆ. ಸುತ್ತಲಿನ ಬಳೇಪೇಟೆ, ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳು ತಮ್ಮಲ್ಲಿ ನಡೆಯುತ್ತಿದ್ದ ಕಸುಬಿನ ಹೆಸರನ್ನೇ ಧರಿಸಿವೆ. ನಾನು ಕಂಡ ದೊಡ್ಡಪೇಟೆಯ ಕಸುಬು ಮುಖ್ಯವಾಗಿ ಕಾಗದದ್ದು. ಪಠ್ಯಪುಸ್ತಕ, ಲೆಕ್ಕದ ಪುಸ್ತಕ, ಲಗ್ನಪತ್ರಿಕೆ, ರಸೀದಿಪುಸ್ತಕ ಇವೆಲ್ಲ ಅಲ್ಲಿ ರಾಶಿರಾಶಿಯಾಗಿ ದೊರೆಯುತ್ತಿದ್ದುವು. ಪಾದಚಾರಿಗಳ ದಾರಿಯಲ್ಲಿ ಹಳೆಯ ಪುಸ್ತಕಗಳನ್ನು ಹರಡಿಕೊಂಡು ಕುಳಿತ ವ್ಯಾಪಾರಿಗಳಿಂದ ಪುಸ್ತಕ ಕೊಳ್ಳದೆ ನಮ್ಮ ಕಾಲದ ಬಡ ವಿದ್ಯಾರ್ಥಿಯೊಬ್ಬನೂ ಪರೀಕ್ಷೆ ಮುಗಿಸಲಿಲ್ಲವೆಂದರೆ ಅತಿಶಯೋಕ್ತಿಯಾಗದು.

ಆ ಬೀದಿಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿ ಅಜ್ಜಿಯ ಪತಿಯ ಮನೆ ಇತ್ತು. ತನ್ನ ವಯಸ್ಸನ್ನು ಕೇಳಿದರೆ ಆಕೆ, “ಪೇಟೆಗೆ ಕರೆಂಟು ದೀಪ ಬಂತಲ್ಲ, ಅದಾದ ಮೂರನೆಯ ವರ್ಷ ನಾನು ಹುಟ್ಟಿದ್ದು” ಎನ್ನುತ್ತಿದ್ದಳು. ಬೆಂಗಳೂರಿಗೆ ವಿದ್ಯುದ್ದೀಪವು ಬಂದದ್ದು 1905ರಲ್ಲಿ. ಆದುದರಿಂದ ಆಕೆಯ ಜನನ 1908 ಎಂದಾಗುತ್ತದೆ. 13ನೆಯ ವಯಸ್ಸಿಗೆ ವಿವಾಹವಾಯಿತು. 30ನೆಯ ವಯಸ್ಸಿಗೆ, 1938ರಲ್ಲಿ, ಪತಿವಿಯೋಗವಾಯಿತು. ಉಳಿದದ್ದು ಎಂಟು ವರ್ಷದ ಒಬ್ಬ ಮಗಳು. ಆಕೆಯೇ ನನ್ನ ತಾಯಿ. ಮನೆಯು ಅಜ್ಜನಿಗೂ ಆತನ ಅಣ್ಣನಿಗೂ ಕೂಡಿದ್ದಾಗಿತ್ತು. ಬೀದಿಯ ಕಡೆ ಅಂಗಡಿ, ಮೇಲೆ ವಾಸದ ಮನೆ, ಹಿಂದೆ ಹಿತ್ತಲು. ಅಜ್ಜ ತೀರಿಕೊಂಡ ಮೇಲೆ ಹಿತ್ತಲಿನ ಕಡೆಯ ಒಂದು ಕೋಣೆ ಅಜ್ಜಿಯ ಪಾಲಿಗೆ ಉಳಿಯಿತು. ನನ್ನ ತಂದೆಯವರದು ಹಳ್ಳಿಯಿಂದ ಹಳ್ಳಿಗೆ ವರ್ಗವಾಗುವ ನೌಕರಿ. ವಿದ್ಯಾಭ್ಯಾಸಕ್ಕೆ ತೊಂದರೆಯಾಗಬಾರದೆಂದು 1958ರಲ್ಲಿ ನನ್ನನ್ನು ಆ ಕೋಣೆಯಲ್ಲಿ ಬಿಟ್ಟುಹೋದರು. ಆಗ ನನಗೆ ಆರು ವರ್ಷ.

ಅಜ್ಜಿಯ ಕಾಯಕವು ಕಾಗದ ಮಡಿಸುವುದು. ಓಣಿಯ ಕೊನೆಯಲ್ಲಿದ್ದ ರಟ್ಟು ಕಟ್ಟುವ ಸಾಹೇಬರ ಕೊಠಡಿಯಿಂದ ಅಚ್ಚಾದ ದೊಡ್ಡ ಹಾಳೆಗಳು ಕಟ್ಟುಕಟ್ಟಾಗಿ ಬರುತ್ತಿದ್ದುವು. ಒಂದು ಹಾಳೆಯನ್ನು ಮೂರು ಸಲ ಮಡಿಸಿದರೆ ಎಂಟು ಎಲೆ, 16 ಪುಟ. ಅದು ಒಂದು ಫಾರಮು. ಮಡಿಕೆಯನ್ನು ಬಿದಿರಿನ ಪಟ್ಟಿಯಿಂದ ಉಜ್ಜಿ ಕೂರಿಸಬೇಕು. ಅನಂತರ ಫಾರಮುಗಳನ್ನು ಅಂಕಿಯ ಕ್ರಮದಲ್ಲಿ ಜೋಡಿಸಿ ದಾರದಿಂದ ಹೊಲಿಯಬೇಕು. ಸಾಹೇಬರ ಪತ್ನಿ ಮತ್ತು ಅಜ್ಜಿ ಎದುರುಬದುರಾಗಿ ಕುಳಿತು ಈ ಕೆಲಸವನ್ನು ಮಾಡುತ್ತಿದ್ದರು. ಆ ಇಬ್ಬರ ಸ್ನೇಹ ನಾನು ಹುಟ್ಟುವ ಮೊದಲಿನದು. ಹಿಟ್ಟಿನ ಅಂಟಿಗೆ ಹುಳು ಹತ್ತದಿರಲೆಂದು ಮೈಲುತುತ್ತವನ್ನು ಬೆರೆಸುತ್ತಿದ್ದುದರಿಂದ ಆ ಓಣಿಗೆಲ್ಲ ಒಂದು ಬಗೆಯ ಘಾಟು ಇತ್ತು. ಶಾಲೆ ತೆರೆಯುವ ಮುನ್ನ, ದೀಪಾವಳಿಯ ಮುನ್ನ, ಮಾರ್ಚ್ ತಿಂಗಳ ಕೊನೆಯಲ್ಲಿ ಕೆಲಸದ ಒತ್ತಡ ಹೆಚ್ಚು. ಅಂಗಡಿಯವರು ಹೊಸ ಲೆಕ್ಕ ತೆರೆಯುವ ಕಾಲಗಳವು. ಹೀಗೆ ಸಾವಿರಾರು ಪುಸ್ತಕಗಳು ಆಕೆಯ ಕೈಯಿಂದ ಹಾದುಹೋದುವು. ಆದರೆ ಆಕೆ ಅಂಕಿಗಳನ್ನು ಮಾತ್ರ ಬಲ್ಲವಳಾಗಿದ್ದಳು, ಅಕ್ಷರವನ್ನು ಅರಿತವಳಲ್ಲ.

ಇದು ಆಕೆಯೊಬ್ಬಳ ಕಥೆಯಲ್ಲ. 1961ರ ಜನಗಣತಿಯ ಕಾಲದಲ್ಲಿಯೂ ಅಂದಿನ ಮೈಸೂರು ರಾಜ್ಯದ ಐವರು ಹೆಂಗಸರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಓದುಬರಹ ತಿಳಿಯದವರು. ಅವೆನ್ಯೂ ರಸ್ತೆಯಲ್ಲಿಯೇ ರೈಸ್ ಸ್ಮಾರಕ ದೇವಾಲಯವೆಂಬ ಕ್ರೈಸ್ತರ ಪ್ರಾರ್ಥನಾ ಮಂದಿರವಿದೆ. ಅದು ಬೆಂಜಮಿನ್ ರೈಸ್ ಎಂಬ ಪಾದ್ರಿಯವರ ಸ್ಮರಣೆಗಾಗಿ ಕಟ್ಟಿದ್ದು. ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸರು ಅವರ ಮಗ. ಅವರ ಮಿಷನ್ನಿನವರು 19ನೆಯ ಶತಮಾನದಲ್ಲಿಯೇ ಪೇಟೆಯ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆಗಳನ್ನು ತೆರೆದಿದ್ದರು. ಅಜ್ಜಿ ಆ ಮಂದಿರದ ಮುಂದೆ ಹಾದುಹೋಗುವಾಗ, “ಶಾಲೆ ಇತ್ತು ಕಣೋ. ನಮ್ಮಪ್ಪನಿಗೆ ಕಳಿಸಬೇಕು ಅಂತ ತೋಚಲಿಲ್ಲ, ನನಗೆ ಕೇಳಬೇಕು ಅಂತ ತೋಚಲಿಲ್ಲ” ಎಂದು ಒಮ್ಮೆ ಹೇಳಿದ್ದಳು. ಆ ಮಾತಿನಲ್ಲಿ ಯಾರ ಮೇಲೂ ದೂರಿರಲಿಲ್ಲ.

ನನಗೆ ಎಂಟು ವರ್ಷವಾಗಿದ್ದಾಗ ಒಂದು ಸಂಜೆ ಆಕೆ ಹಾಳೆ ಮಡಿಸುತ್ತಿದ್ದಳು; ನಾನು ಎದುರಿಗೆ ಕುಳಿತು ಶಾಲೆಯ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ಆಕೆ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, “ಲೇ ಮರಿ, ನನಗೂ ಇದು ಬರುತ್ತೇನೋ?” ಎಂದಳು. ಮಕ್ಕಳಿಗೆ ಮೇಷ್ಟರಾಗುವುದಕ್ಕಿಂತ ಪ್ರಿಯವಾದ ಆಟ ಬೇರೆ ಯಾವುದು? ನಾನು ಕೂಡಲೇ ಒಪ್ಪಿಕೊಂಡೆ. ಬಿದಿರಿನ ಪಟ್ಟಿಯೇ ನನ್ನ ಬೆತ್ತವಾಯಿತು. ಅಚ್ಚು ಕೆಟ್ಟ ರದ್ದಿ ಹಾಳೆಗಳೇ ಪಠ್ಯಪುಸ್ತಕವಾದುವು. ಆಗ ಆಕೆಗೆ 52 ವರ್ಷ.

ಮಡಿಸದ ಹಾಳೆಯನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಪುಟಗಳು ಕ್ರಮವಾಗಿರುವುದಿಲ್ಲ. ಅರ್ಧ ಪುಟಗಳು ನೆಟ್ಟಗೆ, ಅರ್ಧ ಪುಟಗಳು ತಲೆಕೆಳಗು. ಮಡಿಸಿದ ಮೇಲೆಯೇ ಎಲ್ಲವೂ ತಮ್ಮ ಸ್ಥಾನಕ್ಕೆ ಬರುವುವು. ಮೇಲಾಗಿ ಆಕೆ ನನ್ನ ಎದುರಿಗೆ ಕುಳಿತುಕೊಳ್ಳುತ್ತಿದ್ದುದರಿಂದ ನಾನು ತೋರಿಸಿದ ಅಕ್ಷರವೆಲ್ಲ ಆಕೆಗೆ ತಲೆಕೆಳಗಾಗಿಯೇ ಕಾಣುತ್ತಿತ್ತು. ಗುರುವಿಗಾಗಲಿ ಶಿಷ್ಯಳಿಗಾಗಲಿ ಇದು ತಿಂಗಳುಗಟ್ಟಲೆ ಹೊಳೆಯಲಿಲ್ಲ! ಕೊನೆಗೆ ಆಕೆ ನೆಟ್ಟಗಿನ ಅಕ್ಷರವನ್ನು ಮತ್ತೊಮ್ಮೆ ಕಲಿಯಬೇಕಾಯಿತು. ಇದರಿಂದ ಒಂದು ಲಾಭವೂ ಆಯಿತು. ಕಣ್ಣು ಚೆನ್ನಾಗಿರುವ ತನಕ ಆಕೆ ಎದುರಿಗೆ ಕುಳಿತವರ ಕೈಯಲ್ಲಿನ ಕಾಗದವನ್ನು ಆ ಬದಿಯಿಂದಲೇ ಓದಬಲ್ಲವಳಾಗಿದ್ದಳು. ಒತ್ತಕ್ಷರಗಳು ಮಾತ್ರ ಬಹಳ ಕಾಡಿದುವು. ಅವನ್ನು ಆಕೆ “ಕಾಲಿಗೆ ಕೂಸು ಕಟ್ಟಿಕೊಂಡ ಅಕ್ಷರ” ಎಂದು ಕರೆಯುತ್ತಿದ್ದಳು. ಬರೆಯುವಾಗ ಕೂಸನ್ನು ಬಿಟ್ಟು ತಾಯಿಯನ್ನು ಮಾತ್ರ ಬರೆದುಬಿಡುತ್ತಿದ್ದಳು. ನಾನು ಪಟ್ಟಿಯಿಂದ ನೆಲವನ್ನು ಕುಟ್ಟಿ ಗದರಿಸಿದರೆ, “ತಪ್ಪಾಯಿತು ಮೇಷ್ಟ್ರೇ” ಎಂದು ಕೈಮುಗಿದು ನಗುತ್ತಿದ್ದಳು.

ಸುಮಾರು ಒಂದು ವರ್ಷವಾದ ಮೇಲೆ ಬೀದಿಯ ಫಲಕಗಳನ್ನು ಓದಲಾರಂಭಿಸಿದಳು. ಮಾರುಕಟ್ಟೆಗೆ ಹೋಗಿಬರಲು ನಮಗೆ ಹಿಂದಿನ ಎರಡರಷ್ಟು ಹೊತ್ತು ಬೇಕಾಗುತ್ತಿತ್ತು. ಪ್ರತಿ ಅಂಗಡಿಯ ಮುಂದೆಯೂ ನಿಂತು, ಜನ ತಳ್ಳಾಡುತ್ತಿದ್ದರೂ ಲೆಕ್ಕಿಸದೆ, ಅಕ್ಷರ ಕೂಡಿಸಿ ಕೂಡಿಸಿ ಓದುವಳು. 30 ವರ್ಷಗಳಿಂದ “ಮೀಸೆ ಶೆಟ್ಟರ ಅಂಗಡಿ” ಎಂದು ಆಕೆ ಕರೆಯುತ್ತಿದ್ದ ಅಂಗಡಿಗೆ ಯಾವುದೋ ದೇವರ ಹೆಸರಿದೆಯೆಂದು ತಿಳಿದಾಗ ಆದ ಆಶ್ಚರ್ಯ ಅಷ್ಟಿಷ್ಟಲ್ಲ. “ಇಷ್ಟು ವರ್ಷ ಇವರೆಲ್ಲ ಕೂಗಿ ಹೇಳುತ್ತಾ ಇದ್ದರು, ನನಗೇ ಕೇಳಿಸುತ್ತಾ ಇರಲಿಲ್ಲ” ಎಂದಳು. ಚಿಕ್ಕಂದಿನಿಂದ ಭಜನೆಯಲ್ಲಿ ಕೇಳಿ ಬಾಯಿಪಾಠವಾಗಿದ್ದ ವಚನಗಳನ್ನು ಅಚ್ಚಿನಲ್ಲಿ ಕಂಡ ದಿನ ಆಕೆ ಆ ಪುಟವನ್ನು ಕಣ್ಣಿಗೊತ್ತಿಕೊಂಡಳು. ಬಹುಕಾಲ ಬಾಗಿಲಾಚೆಯಿಂದ ಧ್ವನಿ ಮಾತ್ರ ಕೇಳುತ್ತಿದ್ದವರು ಒಳಗೆ ಬಂದು ಎದುರಿಗೆ ಕುಳಿತಂತಾಯಿತೆಂದು ಆಮೇಲೊಮ್ಮೆ ಹೇಳಿದಳು.

ಅಚ್ಚಿನ ಅಕ್ಷರ ಬಂದ ಮೇಲೆ ಸಾಕೆನ್ನುವಳೆಂದು ನಾನು ಎಣಿಸಿದ್ದೆ. ಆಕೆ ಸಾಕೆನ್ನಲಿಲ್ಲ. “ಕೈಬರಹ ಕಲಿಸು” ಎಂದು ಹಟ ಹಿಡಿದಳು. ಅದೂ ನನ್ನಂಥ ಹುಡುಗರು ಬರೆಯುವ ದುಂಡಕ್ಷರವಲ್ಲ. ದೊಡ್ಡವರು ಬರೆಯುವ ಕೂಡುಬರಹವೇ ಬೇಕು. ಅಂಗಡಿಯ ಗುಮಾಸ್ತರು ಬಿಸಾಡಿದ ಚೀಟಿಗಳನ್ನು ಆಯ್ದು ತಂದು ಇಬ್ಬರೂ ದೀಪದ ಕೆಳಗೆ ಇಟ್ಟುಕೊಂಡು ಕುಳಿತುಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಆಕೆ ವಿಚಿತ್ರವಾದ ಪದಗಳ ಅರ್ಥವನ್ನು ಕೇಳತೊಡಗಿದಳು. ಒಂದು ದಿನ “ಬಾಧ್ಯತೆ ಅಂದರೇನೋ?” ಎಂದಳು. ಮತ್ತೊಂದು ದಿನ “ಖುಲಾಸೆ ಅಂದರೇನು?”, ಇನ್ನೊಂದು ದಿನ “ಪಿತ್ರಾರ್ಜಿತ ಅಂದರೇನು?” ಇವು ನಮ್ಮ ಪಾಠದ ಪುಸ್ತಕದಲ್ಲಿರಲಿಲ್ಲ. ನಾನು ಶಾಲೆಯಲ್ಲಿ ಮೇಷ್ಟರನ್ನು ಕೇಳಿ ತಿಳಿದುಬಂದು ಹೇಳುತ್ತಿದ್ದೆ. ಆಕೆಗೆ ಈ ಪದಗಳು ಎಲ್ಲಿ ಸಿಕ್ಕಿದುವೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಹುಡುಗನಿಗೆ ಆಟವಾಗಿದ್ದುದು ಆಕೆಗೆ ಬೇರೇನೋ ಆಗಿತ್ತು.

1962ರ ಒಂದು ಬೆಳಗ್ಗೆ ನಡೆದುದು ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ. ಅಜ್ಜಿಯ ಭಾವನವರು, ಎಂದರೆ ನನ್ನ ಅಜ್ಜನ ಅಣ್ಣನವರು, ಆಗ ಮುದುಕರಾಗಿದ್ದರು. ಅವರು ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದರು. ಅಜ್ಜಿ ಎಂದಿನಂತೆ ಅವರಿಗೆ ಕಷಾಯವನ್ನು ತಂದಿಟ್ಟು, ಬಾಗಿಲ ಮರೆಯಲ್ಲಿ ನಿಂತು ಮಾತನಾಡಿದಳು.

“ಭಾವನವರೇ, ಆ ಕಾಗದ ಓದಿದೆ.”

“ಯಾವ ಕಾಗದ?”

“ಅವರು ಹೋದ ವರ್ಷ ನನ್ನ ಕೈಲಿ ಹೆಬ್ಬೆಟ್ಟು ಒತ್ತಿಸಿಕೊಂಡಿರಲ್ಲ, ಅದು.”

ಮುದುಕರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ, “ಯಾರು ಓದಿ ಹೇಳಿದರು?” ಎಂದು ಕೇಳಿದರು.

“ಯಾರೂ ಹೇಳಲಿಲ್ಲ. ನಾನೇ ಓದಿದೆ.”

ಮತ್ತೆ ಮೌನ. ಅಜ್ಜಿಯೇ ಮುಂದುವರಿಸಿದಳು: “ಬರುವ ತಿಂಗಳಿಂದ ನಾನಿರುವ ಕೋಣೆಗೆ ಬಾಡಿಗೆ ಕೊಡುತ್ತೇನೆ. ಐದು ರೂಪಾಯಿ. ರಸೀದಿ ಬರೆದುಕೊಡಿ.”

“ಬಾಡಿಗೆ ಯಾಕಮ್ಮ? ನೀನೇನು ಹೊರಗಿನವಳೇ?”

“ಕಾಗದದಲ್ಲಿ ಹಾಗೇ ಬರೆದಿದೆಯಲ್ಲ.”

ಇಷ್ಟೇ ನಡೆದದ್ದು. ಆಕೆಯ ಧ್ವನಿ ಏರಲಿಲ್ಲ. ಕಷಾಯದ ಲೋಟವು ತಣ್ಣಗಾಗುವ ತನಕ ಮುದುಕರು ಅದನ್ನು ಮುಟ್ಟಲಿಲ್ಲ. ಮರುದಿನವೂ ಅಜ್ಜಿ ಕಷಾಯವನ್ನು ಕೊಂಡೊಯ್ದಳು. ಅವರು ತೀರಿಕೊಳ್ಳುವ ತನಕ ಒಂದು ದಿನವೂ ಅದನ್ನು ತಪ್ಪಿಸಲಿಲ್ಲ. ತಿಂಗಳ ಮೊದಲ ದಿನ ಐದು ರೂಪಾಯಿಯನ್ನು ಕೊಟ್ಟು ರಸೀದಿ ಪಡೆಯುವುದನ್ನೂ ತಪ್ಪಿಸಲಿಲ್ಲ. ರಸೀದಿಯನ್ನು ಅಲ್ಲಿಯೇ ನಿಂತು, ಮೊದಲಿನಿಂದ ಕೊನೆಯ ತನಕ ಓದಿಕೊಂಡು, ಆಮೇಲೆ ಮಡಿಸುತ್ತಿದ್ದಳು. ಅದು ಯಾವ ಕಾಗದವೆಂದು ನಾನು ಕೇಳಿದಾಗ, “ಹಳೆಯದು, ಬಿಡು” ಎಂದಳು. ನಾನು ಬಿಟ್ಟುಬಿಟ್ಟೆ.

ಅಂದಿನಿಂದ ಓಣಿಯ ಹೆಂಗಸರ ಕಾಗದಪತ್ರಗಳೆಲ್ಲ ನಮ್ಮ ಕೋಣೆಗೆ ಬರಲಾರಂಭಿಸಿದುವು. ದೂರದ ಊರಿನಲ್ಲಿ ಕೆಲಸಕ್ಕಿದ್ದ ಮಗನ ಕಾಗದ, ಮನಿಯಾರ್ಡರಿನ ಚೀಟಿ, ರೇಷನ್ ಕಾರ್ಡು, ಸಾಲದ ಪತ್ರ, ಆಸ್ಪತ್ರೆಯ ಚೀಟಿ ಇವನ್ನೆಲ್ಲ ಆಕೆ ಓದಿ ಹೇಳುತ್ತಿದ್ದಳು. ಸಾಹೇಬರ ಪತ್ನಿಯೂ ತಮ್ಮ ಮನೆಗೆ ಬಂದ ಕನ್ನಡದ ಕಾಗದಗಳನ್ನು ಆಕೆಯ ಬಳಿಯೇ ತರುತ್ತಿದ್ದರು. ತಾನು ಮೂರು ಸಲ ಓದಿಕೊಂಡ ಹೊರತು ಬಾಯಿ ತೆರೆಯುತ್ತಿರಲಿಲ್ಲ. ತಿಳಿಯದ ಪದ ಬಂದರೆ, “ಇದು ನನಗೆ ಗೊತ್ತಿಲ್ಲ, ಮೇಷ್ಟ್ರು ಶಾಲೆಯಿಂದ ಬರಲಿ” ಎನ್ನುವಳು. ಆಕೆ ಎಲ್ಲರಿಗೂ ಒಂದೇ ಮಾತನ್ನು ಹೇಳುತ್ತಿದ್ದಳು: “ಹೆಬ್ಬೆಟ್ಟು ಒತ್ತುವ ಮೊದಲು ತನ್ನಿ, ಒತ್ತಿದ ಮೇಲೆ ತಂದರೆ ಓದಿ ಹೇಳಬಲ್ಲೆ, ಅಷ್ಟೆ.” ಈ ಕೆಲಸಕ್ಕೆ ಆಕೆ ಒಂದು ವೀಳ್ಯದೆಲೆಯನ್ನೂ ತೆಗೆದುಕೊಳ್ಳಲಿಲ್ಲ. ಕಾಗದ ಓದಿ ಮುಗಿಸಿದ ಮೇಲೆ ಅದರಲ್ಲಿದ್ದ ಸಂಗತಿ ಆಕೆಯ ಬಾಯಿಂದ ಮತ್ತೊಬ್ಬರ ಕಿವಿಗೆ ಹೋದದ್ದನ್ನು ನಾನು ಕಾಣೆ. ಆ ಓಣಿಯಲ್ಲಿ ಆಕೆಯನ್ನು ಗೆಳತಿಯೆಂದು ಹೇಳಿಕೊಳ್ಳದ ಹೆಂಗಸೇ ಇರಲಿಲ್ಲ.

ನನಗಾದರೋ ಆಕೆ ಅಜ್ಜಿಯಾಗಿ ಉಳಿದುದಕ್ಕಿಂತ ಒಡನಾಡಿಯಾಗಿ ಬೆಳೆದುದೇ ಹೆಚ್ಚು. ಇಬ್ಬರೂ ಒಂದೇ ದೀಪದ ಬೆಳಕಿನಲ್ಲಿ ಓದಿದವರು. ಚಂದಮಾಮದ ಕಥೆಗಳನ್ನು ಮುಗಿಸಿ ತ್ರಿವೇಣಿಯವರ ಕಾದಂಬರಿಗಳಿಗೆ ನಾವು ಒಟ್ಟಿಗೇ ಕಾಲಿಟ್ಟೆವು. ನಾಯಕಿಯ ಕಷ್ಟದ ವಿಷಯದಲ್ಲಿ ವಾದ ನಡೆದು ಎರಡು ದಿನ ಮಾತು ಬಿಟ್ಟದ್ದೂ ಉಂಟು. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದ ಕರಗವು ಪೇಟೆಯ ಬೀದಿಗಳಲ್ಲಿ ಬರುವುದನ್ನು ಕಾಯುತ್ತ ನಿದ್ದೆಗೆಟ್ಟು ಜಗಲಿಯ ಮೇಲೆ ಕುಳಿತಿರುತ್ತಿದ್ದೆವು. ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಕರಗವು ಹೋಗಿಬರುವ ಪದ್ಧತಿಯನ್ನು ಆಕೆಯೂ ಸಾಹೇಬರ ಪತ್ನಿಯೂ ಇಬ್ಬರೂ ತಮ್ಮ ತಮ್ಮ ಮನೆಯ ಸಂಗತಿಯೆಂಬಂತೆ ವಿವರಿಸುತ್ತಿದ್ದರು. ಅಂತಹ ರಾತ್ರಿಗಳಲ್ಲಿ, ನನ್ನ ತಂದೆತಾಯಿಗಳಿಗೆ ಹೇಳಲಾರದ್ದನ್ನೆಲ್ಲ ನಾನು ಆಕೆಗೆ ಹೇಳಿದ್ದೇನೆ. ಆಕೆ ಬುದ್ಧಿ ಹೇಳುತ್ತಿರಲಿಲ್ಲ; ಕೇಳುತ್ತಿದ್ದಳು. ಈಗ ಯೋಚಿಸಿದರೆ, ನಾನು ಆಕೆಗೆ ಅಕ್ಷರವನ್ನು ಕಲಿಸಿದೆ. ಆಕೆ ನನಗೆ ಮತ್ತೊಬ್ಬರ ಮಾತನ್ನು ಕೊನೆಯ ತನಕ ಕೇಳುವುದನ್ನು ಕಲಿಸಲು ಪ್ರಯತ್ನಿಸಿದಳು. ಶಿಷ್ಯಳು ಗುರುವಿಗಿಂತ ಚೆನ್ನಾಗಿ ಕಲಿತಳು.

ಈ ಮಾತಿಗೆ ಕಾರಣವಿದೆ. 1974ರಲ್ಲಿ ನಾನು ಉಪಾಧ್ಯಾಯನಾದೆ. ಮದುವೆಯಾಗಿ ರಾಜಾಜಿನಗರದಲ್ಲಿ ಮನೆ ಮಾಡಿದೆ. ಬಂದಿರೆಂದು ಕರೆದರೆ ಅಜ್ಜಿ, “ನಾನು ಬಾಡಿಗೆ ಕೊಟ್ಟು ಇರುವ ಮನೆ ಕಣೋ ಇದು, ಇದನ್ನು ಬಿಟ್ಟು ಹೇಗೆ ಬರಲಿ?” ಎಂದು ನಕ್ಕುಬಿಟ್ಟಳು. ಕೆಲವು ವರ್ಷಗಳಲ್ಲಿ ಆಕೆಯ ದೃಷ್ಟಿ ಮಂದವಾಗುತ್ತ ಬಂದಿತು. ಮಿಂಟೋ ಕಣ್ಣಾಸ್ಪತ್ರೆಯಲ್ಲಿ ತೋರಿಸಿದೆವು. ಕಣ್ಣಿನ ನರವೇ ಕ್ಷೀಣಿಸಿದೆ, ಹೋದ ದೃಷ್ಟಿ ಮರಳಿ ಬಾರದೆಂದು ವೈದ್ಯರು ಹೇಳಿದರು. 18 ವರ್ಷಗಳ ಓದು ಅಲ್ಲಿಗೆ ಮುಗಿಯಿತು. ಆಕೆ ಅದಕ್ಕಾಗಿ ಅತ್ತದ್ದನ್ನು ನಾನು ಕಾಣಲಿಲ್ಲ. “ಆದಿತ್ಯವಾರ ಬಿಡುವಾದರೆ ಬಂದು ಒಂದು ಗಳಿಗೆ ಏನಾದರೂ ಓದಿ ಹೇಳು” ಎಂದು ಮಾತ್ರ ಕೇಳಿಕೊಂಡಳು. ಆಗಲೆಂದೆ.

ಮೊದಲ ಕೆಲವು ತಿಂಗಳು ಹೋದೆ. ಅನಂತರ ಒಂದು ಆದಿತ್ಯವಾರ ಉತ್ತರಪತ್ರಿಕೆಗಳನ್ನು ತಿದ್ದುವುದಿತ್ತು. ಒಂದು ಆದಿತ್ಯವಾರ ಮಗುವಿಗೆ ಜ್ವರ. ಮತ್ತೊಂದು ಆದಿತ್ಯವಾರ ನೆಂಟರು. ಆಮೇಲೆ ಕಾರಣವೇ ಬೇಕಾಗಲಿಲ್ಲ. ರಾಜಾಜಿನಗರದಿಂದ ಅವೆನ್ಯೂ ರಸ್ತೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆ ದಾರಿಯನ್ನು ಕ್ರಮಿಸಲು ನನಗೆ ಒಮ್ಮೆ ಐದು ತಿಂಗಳು ಹಿಡಿಯಿತೆಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ನಿತ್ಯವೂ 40 ಮಕ್ಕಳಿಗೆ ಓದು ಹೇಳುವ ಉಪಾಧ್ಯಾಯನು ತನ್ನ ಮೊದಲ ವಿದ್ಯಾರ್ಥಿನಿಯನ್ನು ಮರೆತಿದ್ದನು.

1981ರ ಒಂದು ಆದಿತ್ಯವಾರ ಕೊನೆಗೂ ಹೋದೆ. ಓಣಿಯಲ್ಲಿ ಬರುವಾಗಲೇ ಒಂದು ಎಳೆಯ ಧ್ವನಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಪತ್ರಿಕೆಯನ್ನು ಓದುತ್ತಿದ್ದುದು ಕೇಳಿಸಿತು. ಬಾಗಿಲಲ್ಲಿ ನಿಂತು ನೋಡಿದೆ. ಸಾಹೇಬರ ಮೊಮ್ಮಗಳು, ಎಂಟು ವರ್ಷದ ಹುಡುಗಿ, ನಾನು ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿಯೇ ಕುಳಿತಿದ್ದಳು. ಎದುರಿಗೆ ಅಜ್ಜಿ. ಆಕೆಯ ಮುಂದೆ ಅಚ್ಚಾದ ಹಾಳೆಗಳ ಕಟ್ಟು. ಕಣ್ಣು ಹೋದರೂ ಕೈಗಳು ಕೆಲಸವನ್ನು ಮರೆತಿರಲಿಲ್ಲ. ಅಂಚಿಗೆ ಅಂಚನ್ನು ಬೆರಳಿನಿಂದ ಹೊಂದಿಸಿ, ಒಂದು, ಎರಡು, ಮೂರು ಮಡಿಕೆ ಹಾಕಿ, ಪಟ್ಟಿಯಿಂದ ಉಜ್ಜಿ, ಪಕ್ಕಕ್ಕೆ ಇಡುತ್ತಿದ್ದಳು. ಹುಡುಗಿ ಒಂದು ಪದದಲ್ಲಿ ತಡವರಿಸಿದಳು. ಅಜ್ಜಿ ತಲೆಯೆತ್ತದೆ, “ಕಾಲಿನ ಕೂಸನ್ನು ಬಿಟ್ಟೆಯಲ್ಲ ಮಗಳೇ, ಇನ್ನೊಂದು ಸಲ ನೋಡು” ಎಂದಳು.

ನನ್ನ ಹೆಜ್ಜೆಯ ಸದ್ದನ್ನು ಆಕೆ ಗುರುತಿಸಿದಳು. ಆಕೆಯ ಮುಖದಲ್ಲಿ ಮುನಿಸಿನ ಸುಳಿವೂ ಇರಲಿಲ್ಲ. ಹುಡುಗಿಯನ್ನು ಕುರಿತು, “ಎದ್ದು ನಿಂತು ನಮಸ್ಕಾರ ಮಾಡು. ಇವರೇ ನನ್ನ ಮೇಷ್ಟ್ರು” ಎಂದಳು. ಹುಡುಗಿ ಗಾಬರಿಯಿಂದ ಎದ್ದು ಕೈಮುಗಿದಳು. ಆ ನಮಸ್ಕಾರವನ್ನು ಸ್ವೀಕರಿಸಲು ನನ್ನ ಕೈಗಳು ಮೇಲೇಳಲಿಲ್ಲ. ನಾನು ನೆಲದ ಮೇಲೆ ಕುಳಿತು ಒಂದು ಹಾಳೆಯನ್ನು ತೆಗೆದುಕೊಂಡು ಮಡಿಸತೊಡಗಿದೆ. ಎರಡನೆಯ ಮಡಿಕೆಯೇ ಓರೆಯಾಯಿತು. ಅಜ್ಜಿ ಅದನ್ನು ಸವರಿ ನೋಡಿ, ಬಿಚ್ಚಿ, ಮತ್ತೆ ನೆಟ್ಟಗೆ ಮಡಿಸಿಟ್ಟಳು. ನಾನು ಬಾರದಿದ್ದುದರ ವಿಷಯವನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿ ಕ್ಷಮೆ ಕೇಳಬೇಕಾಗಿತ್ತೆಂದು ಇಂದು ಅನಿಸುತ್ತದೆ. ಆ ದಿನದಿಂದ ನಾನು ಒಂದು ವಾರವನ್ನೂ ತಪ್ಪಿಸಲಿಲ್ಲವೆಂದು ಬರೆದರೆ ಓದುಗರಿಗೆ ಸಮಾಧಾನವಾದೀತು. ಆದರೆ ಅದು ಸುಳ್ಳಾಗುತ್ತದೆ. ಮೊದಲಿಗಿಂತ ಹೆಚ್ಚಾಗಿ ಹೋದೆ. ಆಗಾಗ ತಪ್ಪಿಸಿಯೂ ತಪ್ಪಿಸಿದೆ. ಹುಡುಗಿ ಮಾತ್ರ ತಪ್ಪಿಸಲಿಲ್ಲ.

1983ರ ಶ್ರಾವಣ ಮಾಸದಲ್ಲಿ ಅಜ್ಜಿ ಲಿಂಗೈಕ್ಯಳಾದಳು. ಆಕೆಗೆ 75 ವರ್ಷ. ಹಿಂದಿನ ಸಂಜೆಯೂ ಫಾರಮು ಮಡಿಸಿದ್ದಳು. ಕ್ರಿಯೆಗಳೆಲ್ಲ ಮುಗಿದ ಮೇಲೆ ಆಕೆಯ ಟ್ರಂಕನ್ನು ತೆರೆದೆವು. ನಾಲ್ಕು ಸೀರೆ, ವಚನಗಳ ಒಂದು ಪುಸ್ತಕ, ಬಿದಿರಿನ ಪಟ್ಟಿ, ದಾರದಿಂದ ಅಚ್ಚುಕಟ್ಟಾಗಿ ಹೊಲಿದಿಟ್ಟಿದ್ದ 21 ವರ್ಷಗಳ ಬಾಡಿಗೆಯ ರಸೀದಿಗಳು. ಇವುಗಳ ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಛಾಪಾ ಕಾಗದ. ಅದು 1938ರಲ್ಲಿ ಜೋಡುಪ್ರತಿಯಾಗಿ ಬರೆದಿದ್ದ ಹಕ್ಕು ಖುಲಾಸೆ ಪತ್ರ. ಮನೆ ಮತ್ತು ಅಂಗಡಿಯಲ್ಲಿ ತನಗಾಗಲಿ ತನ್ನ ಸಂತತಿಗಾಗಲಿ ಇನ್ನು ಮುಂದೆ ಯಾವ ಹಕ್ಕುಬಾಧ್ಯತೆಯೂ ಇಲ್ಲವೆಂದು ಅಜ್ಜಿ ಒಪ್ಪಿದಂತೆ ಅದರಲ್ಲಿ ಬರೆದಿತ್ತು. ಮನೆಯ ಕಂದಾಯಕ್ಕೆ ಬೇಕಾದ ಕಾಗದವೆಂದು ಹೇಳಿ ಆಕೆಯ ಹೆಬ್ಬೆಟ್ಟನ್ನು ಒತ್ತಿಸಿಕೊಂಡಿದ್ದರೆಂದು ನನ್ನ ತಾಯಿ ಅಂದು ನನಗೆ ತಿಳಿಸಿದರು.

ಆಮೇಲೆ ನನಗೆ ಪರಿಚಿತರಾದ ವಕೀಲರೊಬ್ಬರನ್ನು ಕೇಳಿದೆ. ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಒಂದು ಕಾನೂನು ಬಂದಿತ್ತು. ಅವಿಭಕ್ತ ಕುಟುಂಬದ ಆಸ್ತಿಯು ಉಳಿದ ಒಬ್ಬನೇ ಗಂಡಿಗೆ ಸೇರುವ ಸಂದರ್ಭದಲ್ಲಿ ತೀರಿಕೊಂಡವನ ವಿಧವೆಗೂ ಅದರಲ್ಲಿ ಪಾಲುಂಟೆಂದು ಅದು ವಿಧಿಸಿತ್ತು. ಅಜ್ಜಿಗೆ ಪಾಲಿದ್ದುದರಿಂದಲೇ ಆ ಪತ್ರವು ಬೇಕಾಯಿತು. ಪತ್ರವನ್ನು ಆಕೆ ಓದಿ ತಿಳಿಯುವ ವೇಳೆಗೆ 24 ವರ್ಷಗಳು ಕಳೆದಿದ್ದುವು. ದಾವೆಯ ಅವಧಿಯು ಎಂದೋ ಮೀರಿತ್ತು. ಇದೆಲ್ಲವೂ ಆಕೆಗೆ ತಿಳಿದಿತ್ತೋ ಇಲ್ಲವೋ ನಾನರಿಯೆ. ಅದರಲ್ಲಿ ಏನಿದೆಯೆಂಬ ಸಂಶಯ ಮಾತ್ರ ಆಕೆಗೆ ಮೊದಲಿನಿಂದಲೂ ಇದ್ದಿರಬೇಕು. ಓದು ಬಲ್ಲವರು ಓಣಿಯಲ್ಲಿ ಎಷ್ಟೋ ಮಂದಿ ಇದ್ದರು. ಯಾರ ಕೈಗೆ ಕೊಟ್ಟಿದ್ದರೂ ಒಂದು ಗಳಿಗೆಯಲ್ಲಿ ಓದಿ ಹೇಳುತ್ತಿದ್ದರು. ಆಕೆ ಕೊಡಲಿಲ್ಲ. ಮತ್ತೊಬ್ಬರು ಓದಿ ಹೇಳಿದುದನ್ನು ನಂಬಿ ಒಮ್ಮೆ ಹೆಬ್ಬೆಟ್ಟೊತ್ತಿದವಳು ಎರಡನೆಯ ಸಲ ಹಾಗೆ ಮಾಡಲಿಚ್ಛಿಸಲಿಲ್ಲ. ಎಂಟು ವರ್ಷದ ಹುಡುಗನೊಬ್ಬನು ಅಕ್ಷರ ಹೇಳಿಕೊಡುವಷ್ಟು ದೊಡ್ಡವನಾಗುವ ತನಕ ಕಾದಳು.

ಈಚೆಗೆ ಮೊಮ್ಮಗಳಿಗೆ ಬರೆಯುವ ಪುಸ್ತಕಗಳನ್ನು ಕೊಳ್ಳಲೆಂದು ಅವೆನ್ಯೂ ರಸ್ತೆಗೆ ಹೋಗಿದ್ದೆ. 2017ರಲ್ಲಿ ತೆರೆದ ಚಿಕ್ಕಪೇಟೆಯ ನೆಲದಡಿಯ ಮೆಟ್ರೋ ನಿಲ್ದಾಣದಿಂದ ನಡೆದು ಹೋದೆ. ಅದೇ ವರ್ಷ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು; ವೃತ್ತಕ್ಕೆ ಮಾತ್ರ ಜನ ಹಳೆಯ ಹೆಸರನ್ನೇ ಹೇಳುತ್ತಾರೆ. ನಮ್ಮ ಓಣಿಯ ಮನೆ ಈಗಿಲ್ಲ. ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಮಳಿಗೆ ಎದ್ದಿದೆ. ಅದರ ಮುಂದೆ ನಿಂತು, ಆಕೆ ಕಲಿಸಿದಂತೆ, ಫಲಕವನ್ನು ಮೊದಲಿನಿಂದ ಕೊನೆಯ ತನಕ ಓದಿ ಬಂದೆ.

ಆ ಪತ್ರವು ಈಗ ನನ್ನ ಬಳಿಯಲ್ಲಿದೆ. ಅದರ ಕೊನೆಯಲ್ಲಿ, ಅಂತಹ ಪತ್ರಗಳಲ್ಲೆಲ್ಲ ಇರುವಂತೆ, ಈ ಪತ್ರವನ್ನು ಓದಿಸಿ ಕೇಳಿ, ಒಪ್ಪಿ ಒತ್ತಿದ ಹೆಬ್ಬೆಟ್ಟಿನ ಗುರುತೆಂದು ಬರೆದಿದೆ. ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ಆಕೆಯ ಹೆಬ್ಬೆಟ್ಟು. ಅದರ ಕೆಳಗೆ ಸೀಸದ ಕಡ್ಡಿಯಿಂದ, ನಾನು ಕಲಿಸಿದ ದುಂಡಕ್ಷರದಲ್ಲಿ, ಆಕೆ ಎರಡು ವಾಕ್ಯಗಳನ್ನು ಬರೆದಿದ್ದಾಳೆ: “ಆಗ ಯಾರೂ ಓದಲಿಲ. ಈಗ ನಾನು ಓದಿದೆ.” ಅವುಗಳ ಕೆಳಗೆ ಆಕೆಯ ರುಜು.

ಮೊದಲನೆಯ ವಾಕ್ಯದಲ್ಲಿ ಒತ್ತು ಬಿಟ್ಟುಹೋಗಿದೆ. ಬಾಳಿನ ಬಹುಭಾಗವನ್ನು ಮಕ್ಕಳ ತಪ್ಪು ತಿದ್ದುವುದರಲ್ಲಿ ಕಳೆದ ನಾನು ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.